ಕಲಾವಿದರಿಗೊಂದು ಜಗಲಿ ಕಟ್ಟೋಣವೆಂದರೆ...

ಚಿತ್ರ ಬರೆಯುವವರಿಗೆ, ಫೋಟೋ ತೆಗೆಯುವವರಿಗೆ, ಅಕ್ಷರ ವಿನ್ಯಾಸ ಮಾಡುವವರಿಗೆ ತಮ್ಮ ಕೆಲಸ ತೋರಿಸಿಕೊಳ್ಳಲು ಅಂತರ್ಜಾಲದಲ್ಲಿ ಜಾಗಕ್ಕೇನೂ ಬರವಿಲ್ಲ. ಡೀವಿಯಂಟ್‌ಆರ್ಟ್ ಶುರುವಾದದ್ದು 2000ದಲ್ಲಿ. ನಾನಾಗ ಅಂಗನವಾಡಿಗೆ ಹೋಗಿ ಉಪ್ಪಿಟ್ಟು ತಿಂದು ಬರುತ್ತಿದ್ದೆ. 2004ರಲ್ಲಿ ಫ್ಲಿಕರ್ ಬಂತು, ಆಮೇಲೆ ಬಿಹಾನ್ಸ್, 2009ರಲ್ಲಿ ಡ್ರಿಬ್ಬಲ್, 2014ರಲ್ಲಿ ಆರ್ಟ್‌ಸ್ಟೇಶನ್. ಇನ್ನು ಇನ್‌ಸ್ಟಾಗ್ರಾಂ ಅಂತೂ ಬಿಡಿ, ನಮ್ಮೂರಿನ ಮೆಹೆಂದಿ ಹಾಕುವವರಿಂದ ಹಿಡಿದು ಗಣಪತಿ ಮಾಡುವವರ ತನಕ ಎಲ್ಲರೂ ಅಲ್ಲೇ ಇದ್ದಾರೆ.

ಇಷ್ಟೆಲ್ಲ ಇರುವಾಗ ನಿನ್ನದೊಂದು ಬೇರೆ ಯಾಕಪ್ಪಾ ಅಂತ ನೀವು ಕೇಳಬಹುದು. ಆಫೀಸಿನಲ್ಲಿ ಜೊತೆಗೆ ಕೂರುವವರೂ ಇದನ್ನೇ ಕೇಳಿದರು. ವಾರವಿಡೀ ಕೋಡು ಬರೆದು ಸಾಕಾಗಿ, ವಾರಾಂತ್ಯದಲ್ಲಿ ವಿಶ್ರಾಂತಿಗೆಂದು ಮತ್ತೆ ಕೋಡು ಬರೆಯುವ ಜಾತಿ ನಮ್ಮದು. ಆದರೆ ಈ ಸಲ ಕಾರಣ ಬರೀ ಅದಲ್ಲ. ಕಾರಣ ನಮ್ಮಕ್ಕ.

ಅಕ್ಕ ಅಂದರೆ ದೊಡ್ಡಪ್ಪನ ಮಗಳು. ಸಾಗರದ ಹತ್ತಿರ ಇದ್ದಾಳೆ. ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುವುದು ಅವಳ ಹೊಟ್ಟೆಪಾಡು. ಹೊಟ್ಟೆಪಾಡು ಅಂತ ಬೇಕೆಂದೇ ಹೇಳುತ್ತಿದ್ದೇನೆ, ಯಾಕೆಂದರೆ ನಮ್ಮ ನೆಂಟರಲ್ಲಿ ಮುಕ್ಕಾಲು ಪಾಲು ಜನ ಅದನ್ನು ಇವತ್ತಿಗೂ 'ಹವ್ಯಾಸ' ಅಂದುಕೊಂಡಿದ್ದಾರೆ. ಒಂದು ಯುಗಾದಿಗೆ ಅವಳು ಬೇವುಬೆಲ್ಲ ಹಂಚುವ ಅಜ್ಜಿಯ ಚಿತ್ರ ಬರೆದಳು. ಅಜ್ಜಿಯ ಸೆರಗು ಹಿಡಿದ ಮೊಮ್ಮಗಳು, ಕಿಟಕಿಯಲ್ಲಿ ಬೆಲ್ಲದ ಮೇಲೇ ಕಣ್ಣಿಟ್ಟ ಕಾಗೆ, ಕೆಳಗೆ ಬಲಮೂಲೆಯಲ್ಲಿ ಪುಟ್ಟದಾಗಿ ಅವಳ ಸಹಿ. ನಾಲ್ಕು ಜನಕ್ಕೆ ಕಳಿಸಿದಳು, ಮರೆತಳು.

ಮುಂದಿನ ಯುಗಾದಿಗೆ ಅದೇ ಅಜ್ಜಿ ನಮ್ಮ ಮನೆಯ ವಾಟ್ಸಾಪ್ ಗುಂಪಿಗೆ ವಾಪಸ್ ಬಂದಳು. ಸಹಿ ಇದ್ದ ಜಾಗದಲ್ಲಿ ಒಂದು ಚಿನ್ನದಂಗಡಿಯ ಹೆಸರು, ಫೋನ್ ನಂಬರು. ಕಳಿಸಿದವರು ಬೇರೆ ಯಾರೂ ಅಲ್ಲ, ದೊಡ್ಡಮ್ಮ. ಜೊತೆಗೊಂದು ಒಕ್ಕಣೆ: "ಎಷ್ಟು ಚಂದ ಬರದ್ದಾರೆ ನೋಡು ಮಗಾ, ನೀನೂ ಹಿಂಗೆ ಬರಿ."

ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಅಕ್ಕನೂ ನಕ್ಕಳು. ಆದರೆ ಎರಡು ತಿಂಗಳಾದ ಮೇಲೆ ನಗು ನಿಂತಿತು. ಒಬ್ಬ ಪ್ರಕಾಶಕರಿಗೆ ಅವಳು ತನ್ನ ಹಳೆಯ ಕೆಲಸಗಳನ್ನು ಕಳಿಸಿದ್ದಳು. ಅವರು ಫೋನ್ ಮಾಡಿ ಬಹಳ ಮರ್ಯಾದೆಯಿಂದಲೇ ಕೇಳಿದರಂತೆ, "ಈ ಅಜ್ಜಿ ಚಿತ್ರ ವಾಟ್ಸಾಪಿನಲ್ಲಿ ನೋಡಿದ್ದೆನಲ್ಲ ಮೇಡಂ, ಇದು ನಿಮ್ಮದೇನಾ?" ತನ್ನ ಚಿತ್ರ ತನ್ನದು ಅಂತ ಸಾಬೀತು ಮಾಡಲು ಅಕ್ಕ ಆ ರಾತ್ರಿ ಅಟ್ಟದ ಮೇಲಿನ ಟ್ರಂಕು ತೆಗೆದು ಪೆನ್ಸಿಲ್ ಕರಡುಗಳನ್ನು ಹುಡುಕಬೇಕಾಯಿತು. ಮರುದಿನ ನನಗೆ ಫೋನ್ ಮಾಡಿ, "ಏ ತಮಾ, ನೀನು ಕಂಪ್ಯೂಟರಿನವನಲ್ದಾ, ನನ್ನ ಹೆಸರು ಚಿತ್ರದಿಂದ ಬಿದ್ದು ಹೋಗದ ಹಾಗೆ ಏನಾದರೂ ಮಾಡಲಾಗುತ್ತಾ?" ಅಂದಳು.

ಅಲ್ಲಿಂದ ಶುರುವಾಯಿತು. ಅಕ್ಕನ ಗೆಳತಿಯರು, ನನ್ನ ಗೆಳೆಯರು ಸೇರಿ ಈಗ 11 ಜನ ಆಗಿದ್ದೇವೆ: ಇಬ್ಬರು ಚಿತ್ರಕಾರರು, ಮೂವರು ಫೋಟೋದವರು, ದಾವಣಗೆರೆಯಲ್ಲಿ ಡಿಟಿಪಿ ಮಾಡುತ್ತಾ ಅಕ್ಷರ ಬರೆಯುವ ಒಬ್ಬರು, ನಾಟಕಗಳಿಗೆ ಬೆಳಕಿನ ವಿನ್ಯಾಸ ಮಾಡುವ ಒಬ್ಬರು, ಬಟ್ಟೆಗೆ ಅಚ್ಚು ಹಾಕುವ ಇಬ್ಬರು, ಕುಂಬಾರಿಕೆ ಮಾಡುವ ಒಬ್ಬಾಕೆ, ಮತ್ತೆ ಯಾವ ಕಲೆಯೂ ಬಾರದ ನಾನು. ತಾಣಕ್ಕೆ ಹೆಸರಿನ್ನೂ ಇಟ್ಟಿಲ್ಲ. ಮಾತಿನಲ್ಲಿ 'ಜಗಲಿ' ಅನ್ನುತ್ತೇವೆ. ಒಳಗೆ ಬಾ ಅಂತ ಕರೆಯುವ ಮೊದಲು ಕೂರಿಸಿ ಮಾತಾಡಿಸುವ ಜಾಗ ಅದೇ ಅಲ್ಲವೇ?

ಕೆಲಸ ಶುರು ಮಾಡುವ ಮುನ್ನ ಎಲ್ಲರನ್ನೂ ಕೂರಿಸಿಕೊಂಡು ಏನೇನು ಬೇಕು ಅಂತ ಕೇಳಿದೆ. ಬಣ್ಣ ಹೇಗಿರಬೇಕು, ಮೊಬೈಲಿನಲ್ಲಿ ಹೇಗೆ ಕಾಣಬೇಕು ಅಂತೆಲ್ಲ ಹೇಳುತ್ತಾರೆ ಅಂದುಕೊಂಡರೆ, ಅವರು ಕೇಳಿದ್ದು ಬೇರೆಯೇ. ನನ್ನ ಹೆಸರು ಎಲ್ಲಿರುತ್ತೆ? ಯಾರದು ಮೊದಲು ಕಾಣುತ್ತೆ? ಬೇಡ ಅನ್ನಿಸಿದರೆ ನನ್ನದನ್ನೆಲ್ಲ ತೆಗೆದುಕೊಂಡು ಹೋಗಬಹುದಾ? ಮೂರೇ ಪ್ರಶ್ನೆ. ಆರು ತಿಂಗಳು ಈ ಮೂರಕ್ಕೆ ಉತ್ತರ ಬರೆಯುವುದರಲ್ಲೇ ಕಳೆಯಿತು.

ಹೆಸರು

ನೀವು ಒಂದು ಚಿತ್ರ ಅಪ್‌ಲೋಡ್ ಮಾಡಿದಾಗ ತಾಣ ಅದನ್ನು ಇದ್ದ ಹಾಗೇ ಇಟ್ಟುಕೊಳ್ಳುವುದಿಲ್ಲ. ಚಿಕ್ಕದು, ಮಧ್ಯಮ, ದೊಡ್ಡದು ಅಂತ ಪ್ರತಿಗಳನ್ನು ಮಾಡಿಕೊಳ್ಳುತ್ತದೆ. ಆಗ ಫೈಲಿನ ತೂಕ ಇಳಿಸಲು ಚಿತ್ರದ ಜೊತೆಗಿರುವ 'ಅನಗತ್ಯ' ಮಾಹಿತಿಯನ್ನು ಕಿತ್ತು ಹಾಕುವುದು ನಮ್ಮವರ ರೂಢಿ. ಇಮೇಜ್‌ಮ್ಯಾಜಿಕ್ ಎಂಬ ತಂತ್ರಾಂಶಕ್ಕೆ 'ಸ್ಟ್ರಿಪ್' ಅಂತ ಒಂದೇ ಒಂದು ಪದ ಹೇಳಿದರೆ ಸಾಕು, ಎಲ್ಲವೂ ಹೋಗುತ್ತದೆ. ಹಾಗೆ ಹೋಗುವ ಮಾಹಿತಿಯಲ್ಲಿ ಏನೇನಿರುತ್ತದೆ ಗೊತ್ತೇ? ಕ್ಯಾಮೆರಾದ ಹೆಸರು, ಫೋಟೋ ತೆಗೆದ ಜಾಗ, ಬಣ್ಣದ ಪ್ರೊಫೈಲು, ಮತ್ತೆ ಐಪಿಟಿಸಿ ಅನ್ನುವ ಪಟ್ಟಿಯಲ್ಲಿ ಚಿತ್ರ ಮಾಡಿದವರ ಹೆಸರು, ಹಕ್ಕು ಯಾರದು ಎಂಬ ಸಾಲು!

ಅಂದರೆ ಚಿನ್ನದಂಗಡಿಯವರು ಕತ್ತರಿಸುವ ಮುಂಚೆಯೇ ತಂತ್ರಾಂಶ ಅರ್ಧ ಕೆಲಸ ಮುಗಿಸಿರುತ್ತದೆ. ವಾಟ್ಸಾಪಿನಲ್ಲಿ ಫೋಟೋ ಅಂತ ಕಳಿಸಿದರೂ ಇದೇ ಕತೆ, ಡಾಕ್ಯುಮೆಂಟ್ ಅಂತ ಕಳಿಸಿದರೆ ಮಾತ್ರ ಈ ಮಾಹಿತಿ ಉಳಿಯುತ್ತದೆ. ಇದು ಸಣ್ಣ ವಿಷಯವಲ್ಲ. 2018ರಿಂದ ಗೂಗಲ್ ತನ್ನ ಚಿತ್ರ ಹುಡುಕಾಟದಲ್ಲಿ ಈ ಐಪಿಟಿಸಿಯ ಹೆಸರನ್ನು ಓದಿ ತೋರಿಸುತ್ತದೆ. ಹೆಸರು ಫೈಲಿನಲ್ಲೇ ಇಲ್ಲದಿದ್ದರೆ ತೋರಿಸುವುದೇನನ್ನು?

ಅದಕ್ಕೆ ನಮ್ಮ ಜಗಲಿಯಲ್ಲಿ ಲೆಕ್ಕ ತಿರುವುಮುರುವು. ಜಾಗದ ಮಾಹಿತಿ ಕಿತ್ತು ಹಾಕುತ್ತೇವೆ, ಯಾರ ಮನೆ ಎಲ್ಲಿದೆ ಅಂತ ಜಗತ್ತಿಗೆ ಗೊತ್ತಾಗುವುದು ಬೇಡ. ಬಣ್ಣವನ್ನು ಮೊದಲು ಎಸ್‌ಆರ್‌ಜಿಬಿಗೆ ಬದಲಿಸುತ್ತೇವೆ, ಇಲ್ಲದಿದ್ದರೆ ಅಡೋಬ್ ಆರ್‌ಜಿಬಿಯಲ್ಲಿ ಮಾಡಿದ ಚಿತ್ರ ಪ್ರೊಫೈಲ್ ಕಳಕೊಂಡು ಒಗೆದು ಒಗೆದು ಮಾಸಿದ ಸೀರೆಯ ಹಾಗೆ ಕಾಣುತ್ತದೆ. ಆಮೇಲೆ ಪ್ರತಿಯೊಂದು ಪ್ರತಿಯಲ್ಲೂ ಹೆಸರನ್ನು ಮತ್ತೆ ಬರೆಯುತ್ತೇವೆ. ಚಿತ್ರದ ತೂಕ ಒಂದೆರಡು ಕಿಲೋಬೈಟ್ ಹೆಚ್ಚಾಗುತ್ತದೆ. ಆಗಲಿ.

ಆದರೆ ಯಾರ ಹೆಸರು? ಬೆಳಕಿನ ವಿನ್ಯಾಸದ ಮೇಡಂ ತಮ್ಮ ಮೊದಲ ಫೋಟೋ ಹಾಕುವಾಗಲೇ ನನ್ನ ಡೇಟಾಬೇಸು ಕುಂಟಿತು. "ಬೆಳಕು ನನ್ನದು, ಫೋಟೋ ಇನ್ನೊಬ್ಬರದು, ರಂಗಸಜ್ಜಿಕೆ ಮತ್ತೊಬ್ಬರದು, ನಾಟಕ ನಿರ್ದೇಶಕರದು. ನಿಮ್ಮ ಫಾರಂನಲ್ಲಿ ಒಂದೇ ಹೆಸರಿಗೆ ಜಾಗ ಇದೆಯಲ್ರೀ?" ಹೌದಲ್ಲ! ಮಕ್ಕಳ ಪುಸ್ತಕದ್ದೂ ಇದೇ ಪಾಡು. ಕತೆ ಒಬ್ಬರದು, ಚಿತ್ರ ಒಬ್ಬರದು, ಪುಟ ವಿನ್ಯಾಸ ಇನ್ನೊಬ್ಬರದು. ಈಗ ಒಂದು ಕೆಲಸಕ್ಕೆ ಎಷ್ಟು ಹೆಸರನ್ನಾದರೂ ಸೇರಿಸಬಹುದು, ಪ್ರತಿ ಹೆಸರಿನ ಮುಂದೆ ಅವರು ಏನು ಮಾಡಿದರು ಅಂತ ಬರೆಯಲೇಬೇಕು.

ಇಲ್ಲೊಂದು ಕಾನೂನಿನ ಮುಳ್ಳೂ ಇದೆ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಂ ಪ್ರಕಾರ, ಯಾರಾದರೂ ದುಡ್ಡು ಕೊಟ್ಟು ತೆಗೆಸಿದ ಫೋಟೋ ಅಥವಾ ಬರೆಸಿದ ಚಿತ್ರದ ಮೊದಲ ಹಕ್ಕುದಾರರು, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿದವರೇ. ಮದುವೆ ಫೋಟೋ ತೆಗೆಯುವ ನನ್ನ ಗೆಳೆಯ ಇದನ್ನು ಕೇಳಿ ಕುರ್ಚಿಯಿಂದ ಎದ್ದು ನಿಂತ. ಅದೇ ಕಾಯ್ದೆಯ 57ನೇ ಕಲಂ ಸ್ವಲ್ಪ ಸಮಾಧಾನ ಕೊಡುತ್ತದೆ. ಹಕ್ಕು ಮಾರಿದ ಮೇಲೂ 'ಇದನ್ನು ಮಾಡಿದ್ದು ನಾನು' ಅಂತ ಹೇಳಿಕೊಳ್ಳುವ ಹಕ್ಕು, ಗೌರವಕ್ಕೆ ಧಕ್ಕೆ ಬರುವಂತೆ ಕೃತಿಯನ್ನು ವಿರೂಪ ಮಾಡಿದರೆ ಆಕ್ಷೇಪಿಸುವ ಹಕ್ಕು ಮಾಡಿದವರಲ್ಲೇ ಉಳಿಯುತ್ತದೆ. ದೆಹಲಿಯ ವಿಜ್ಞಾನ ಭವನದ ಗೋಡೆಯಲ್ಲಿದ್ದ ಅಮರ್‌ನಾಥ್ ಸೆಹಗಲ್ ಅವರ ಕಂಚಿನ ಭಿತ್ತಿಶಿಲ್ಪವನ್ನು 1979ರಲ್ಲಿ ಸರ್ಕಾರ ಕಿತ್ತು ಗೋದಾಮಿಗೆ ಹಾಕಿತ್ತು. ಅವರು ಕೋರ್ಟಿಗೆ ಹೋದರು. 2005ರಲ್ಲಿ ದೆಹಲಿ ಹೈಕೋರ್ಟು ಇದೇ 57ನೇ ಕಲಮಿನ ಬಲದಿಂದ, ಶಿಲ್ಪವನ್ನು ಅವರಿಗೆ ಹಿಂದಿರುಗಿಸಿ 5 ಲಕ್ಷ ಪರಿಹಾರ ಕೊಡಿ ಎಂದಿತು. ದುಡ್ಡು ಕೊಟ್ಟವರು ಸರ್ಕಾರವೇ ಆದರೂ ಕಲಾವಿದನ ಪಾಲು ಅಷ್ಟಕ್ಕೇ ಮುಗಿಯುವುದಿಲ್ಲ ಅಂತಾಯಿತು.

ಹಾಗಾಗಿ ನಮ್ಮ ಫಾರಂನಲ್ಲಿ ಎರಡು ಪ್ರಶ್ನೆ ಹೆಚ್ಚಿಗೆ ಇವೆ: ಇದನ್ನು ಯಾರಿಗಾಗಿ ಮಾಡಿದ್ದು? ಇಲ್ಲಿ ಹಾಕಲು ಅವರ ಒಪ್ಪಿಗೆ ಇದೆಯೇ? ಕಿರಿಕಿರಿ ನಿಜ. ಆದರೆ ಮದುಮಗಳ ಅಪ್ಪ ಫೋನ್ ಮಾಡಿ ಬೈಯುವುದಕ್ಕಿಂತ ವಾಸಿ.

ಇನ್ನು ನಮ್ಮ ಕನ್ನಡದ್ದೇ ಒಂದು ತಾಪತ್ರಯ. ದಾವಣಗೆರೆಯ ಅಕ್ಷರದಣ್ಣ ತಮ್ಮ ಹಳೆಯ ಫೈಲುಗಳಿಂದ ಶೀರ್ಷಿಕೆ ನಕಲು ಮಾಡಿ ಹಾಕಿದರೆ ತೆರೆ ಮೇಲೆ ಬಂದದ್ದು ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ. ಹಳೆಯ ನುಡಿ ಫಾಂಟಿನ ಬರಹ ನೋಡಲಷ್ಟೇ ಕನ್ನಡ, ಒಳಗೆ ಅಲ್ಲ. ಅದಕ್ಕೊಂದು ಪರಿವರ್ತಕ ಹಾಕಿದ್ದಾಯಿತು. ಯುನಿಕೋಡಿನಲ್ಲೂ 'ಕೊ' ಅನ್ನು ಎರಡು ರೀತಿ ಇಡಬಹುದು: 'ಕ'ಕ್ಕೆ ನೇರವಾಗಿ 'ೊ' ಸೇರಿಸಿ, ಇಲ್ಲವೇ 'ೆ' ಮತ್ತು 'ೂ' ಎರಡನ್ನೂ ಒಂದರ ಹಿಂದೊಂದು ಸೇರಿಸಿ. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಇವನ್ನೆಲ್ಲ ಒಂದೇ ರೂಪಕ್ಕೆ ತಂದು ಇಡದಿದ್ದರೆ 'ಕೊಟ್ರೇಶ' ಅಂತ ಹುಡುಕಿದಾಗ ಎದುರಿಗಿರುವ ಕೊಟ್ರೇಶನೇ ಸಿಗುವುದಿಲ್ಲ. ಹೆಸರು ಉಳಿಸುವುದು ಅಂದರೆ ಹುಡುಕಿದವರಿಗೆ ಸಿಗುವ ಹಾಗೆ ಉಳಿಸುವುದು, ಅಲ್ಲವೇ?

ಎಣಿಕೆ

ಎರಡನೇ ಪ್ರಶ್ನೆಗೆ ದೊಡ್ಡ ಜಗಳವೇ ಆಯಿತು. ಮದುವೆ ಫೋಟೋದ ನನ್ನ ಗೆಳೆಯ ಹುಬ್ಬಳ್ಳಿಯವನು, ಇಂಜಿನಿಯರಿಂಗಿನಲ್ಲಿ ನನ್ನ ಜೊತೆಗೇ ಓದಿದವನು. ಒಳ್ಳೆಯ ಕೆಲಸ ಬಿಟ್ಟು ಕ್ಯಾಮೆರಾ ಹಿಡಿದವನು. ಲೈಕ್ ಗುಂಡಿ ಇರುವುದಿಲ್ಲ ಅಂದಾಗ, "ಲೈಕ್ ಇಲ್ಲಂದ್ರ ಗಿರಾಕಿ ಹೆಂಗ ನಂಬ್ತಾರಲೇ ದೋಸ್ತ?" ಅಂದ. ಅವನ ಮಾತು ತಳ್ಳಿ ಹಾಕುವಂಥದ್ದಲ್ಲ. ಅವನ ಮನೆ ನಡೆಯುವುದೇ ಆ ಸಂಖ್ಯೆಯ ಮೇಲೆ.

ಆದರೆ ಸಂಖ್ಯೆ ಏನು ಮಾಡುತ್ತದೆ ಅನ್ನುವುದೂ ಕಣ್ಣ ಮುಂದಿದೆ. ಡ್ರಿಬ್ಬಲ್ ಶುರುವಾದಾಗ ಬಹಳ ಚೆಂದದ ಒಂದು ನಿಯಮ ಇತ್ತು. ಮಾಡುತ್ತಿರುವ ಕೆಲಸದ 400x300 ಪಿಕ್ಸೆಲ್ಲಿನ ಒಂದು ತುಣುಕನ್ನಷ್ಟೇ ತೋರಿಸಬೇಕು, ಒಳಗಿರುವ ಆಟಗಾರರು ಕರೆದರೆ ಮಾತ್ರ ಹೊಸಬರಿಗೆ ಆಡಲು ಜಾಗ. ಆದರೆ ಬರಬರುತ್ತಾ ಆ ಪುಟ್ಟ ಚೌಕಟ್ಟಿನಲ್ಲಿ ಮಿಂಚುವಂಥದ್ದನ್ನೇ ಮಾಡುವ ಚಟ ಹತ್ತಿತು. ಯಾರೂ ಬಳಸದ ಹವಾಮಾನದ ಆಪುಗಳು ಸಾಲುಸಾಲಾಗಿ ಬಂದವು. 2013ರಲ್ಲಿ ಇಂಟರ್‌ಕಾಂ ಕಂಪನಿಯ ಪಾಲ್ ಆಡಮ್ಸ್ ವಿನ್ಯಾಸ ಲೋಕದ 'ಡ್ರಿಬ್ಬಲೀಕರಣ'ದ ಬಗ್ಗೆಯೇ ಬರೆದರು. ಸಮಸ್ಯೆ ಬಿಡಿಸುವುದು ಬಿಟ್ಟು ಗೆಳೆಯರ ಮೆಚ್ಚುಗೆಗೆ ಅಂದ ಮಾಡುತ್ತಿದ್ದೇವೆ ಅನ್ನುವುದು ಅವರ ದೂರು. ಕೊನೆಗೆ ಇನ್‌ಸ್ಟಾಗ್ರಾಮೇ 2019ರಲ್ಲಿ ಲೈಕುಗಳನ್ನು ಬಚ್ಚಿಡುವ ಪ್ರಯೋಗ ಮಾಡಿ, 2021ರಲ್ಲಿ ಬೇಕಾದವರು ಬಚ್ಚಿಟ್ಟುಕೊಳ್ಳಿ ಅಂತ ಎಲ್ಲರಿಗೂ ಬಿಟ್ಟುಕೊಟ್ಟಿತು.

ಬೆಂಗಳೂರಿನ ಚಿತ್ರಸಂತೆಗೆ ನೀವು ಹೋಗಿದ್ದರೆ ನೆನಪು ಮಾಡಿಕೊಳ್ಳಿ. ಸಾಮಾನ್ಯವಾಗಿ ಜನವರಿಯ ಒಂದು ಭಾನುವಾರ ಚಿತ್ರಕಲಾ ಪರಿಷತ್ತಿನ ಮುಂದಿನ ಕುಮಾರಕೃಪಾ ರಸ್ತೆಯ ಉದ್ದಕ್ಕೂ ಕಲಾವಿದರು ತಮ್ಮ ಚಿತ್ರದ ಪಕ್ಕ ತಾವೇ ಕೂತಿರುತ್ತಾರೆ. ನೋಡುವವರು ನಿಲ್ಲುತ್ತಾರೆ, "ಇದನ್ನ ಯಾವ ಬಣ್ಣದಲ್ಲಿ ಮಾಡಿದ್ರಿ? ಎಷ್ಟು ದಿನ ಹಿಡೀತು?" ಅಂತ ಕೇಳುತ್ತಾರೆ. ಯಾವ ಚಿತ್ರದ ತಲೆ ಮೇಲೂ 'ಇದನ್ನು 4,312 ಜನ ಮೆಚ್ಚಿದ್ದಾರೆ' ಅನ್ನುವ ಬೋರ್ಡು ಇರುವುದಿಲ್ಲ. ಮೊದಲ ಮಳಿಗೆ, ಕೊನೆಯ ಮಳಿಗೆ ಅನ್ನುವುದು ನೀವು ಯಾವ ಕಡೆಯಿಂದ ಬಂದಿರಿ ಅನ್ನುವುದರ ಮೇಲೆ ನಿಂತಿದೆ.

ಇದನ್ನೇ ಇಟ್ಟುಕೊಂಡು ಜಗಲಿಯನ್ನು ಮಾಡಿದೆವು. ಎಷ್ಟು ಜನ ನೋಡಿದರು ಅನ್ನುವುದು ಮಾಡಿದವರಿಗೆ ಮಾತ್ರ ಕಾಣುತ್ತದೆ. ಮುಖಪುಟದ ಸಾಲು ದಿನಕ್ಕೊಮ್ಮೆ ಕಲಸಿ ಹೋಗುತ್ತದೆ, ಇವತ್ತು ಕೊನೆಯಲ್ಲಿದ್ದವರು ನಾಳೆ ಮೊದಲು. ಲೈಕಿನ ಬದಲು ಒಂದು ಪ್ರಶ್ನೆ ಕೇಳುವ ಜಾಗ. ಮತ್ತೆ ಪ್ರತಿ ಕೆಲಸದ ಹಿಂದೆ 'ಕರಡು' ಅಂತ ಒಂದು ಪೆಟ್ಟಿಗೆ. ಪೆನ್ಸಿಲ್ ಗೀಟು, ಹಾಳಾದ ಅಚ್ಚು, ಒಡೆದ ಮಡಕೆ ಎಲ್ಲವನ್ನೂ ತಾರೀಕಿನ ಸಮೇತ ಹಾಕಬಹುದು. ಅಕ್ಕ ಇನ್ನು ಅಟ್ಟ ಹತ್ತಬೇಕಾಗಿಲ್ಲ. ಗೆಳೆಯ ಒಪ್ಪಲಿಲ್ಲ, ಆದರೆ "ನೋಡೂಣು" ಅಂದ.

ಯಂತ್ರ

ಇದೆಲ್ಲ ಆಗುವಾಗಲೇ ಇನ್ನೊಂದು ಹೆದರಿಕೆ. 2022ರ ನವೆಂಬರಿನಲ್ಲಿ ಡೀವಿಯಂಟ್‌ಆರ್ಟ್ ತನ್ನದೇ ಚಿತ್ರ ಹುಟ್ಟಿಸುವ ಯಂತ್ರ ತಂದಾಗ ಅಲ್ಲಿನ ಕಲಾವಿದರೇ ತಿರುಗಿ ಬಿದ್ದರು. ಮುಂದಿನ ತಿಂಗಳು ಆರ್ಟ್‌ಸ್ಟೇಶನ್ನಿನ ಮುಖಪುಟದ ತುಂಬಾ ಎಐ ಬೇಡ ಅನ್ನುವ ಪ್ರತಿಭಟನೆಯ ಚಿತ್ರಗಳೇ. "ನಮ್ಮದನ್ನೂ ಯಂತ್ರ ನುಂಗುತ್ತಾ?" ಅಂತ ಅಕ್ಕ ಕೇಳಿದಳು.

ಇಲ್ಲಿ ನಾನು ಅವಳಿಗೆ ಧೈರ್ಯದ ಮಾತು ಹೇಳಲಿಲ್ಲ, ಇದ್ದದ್ದನ್ನೇ ಹೇಳಿದೆ. ತಾಣದ ಬಾಗಿಲಲ್ಲಿ ರೋಬಾಟ್ಸ್ ಫೈಲು ಅಂತ ಒಂದು ಚೀಟಿ ಅಂಟಿಸಬಹುದು. 1994ರಿಂದ ಇರುವ ಪದ್ಧತಿ. 'ಇಂಥ ಯಂತ್ರಗಳು ಒಳಗೆ ಬರಬೇಡಿ' ಅಂತ ಬರೆಯಬಹುದು. ಆದರೆ ಅದು ವಿನಂತಿ, ಬೀಗವಲ್ಲ. ಮರ್ಯಾದಸ್ಥರು ಓದಿ ಹಿಂದಿರುಗುತ್ತಾರೆ, ಉಳಿದವರು ದಾಟಿ ಬರುತ್ತಾರೆ. ಅದಕ್ಕೆ ಹೊರಗಿನವರಿಗೆ 1,200 ಪಿಕ್ಸೆಲ್ ಅಗಲದ ಚಿತ್ರ ಮಾತ್ರ, ಅಚ್ಚಿಗಾಗುವ ಮೂಲ ಫೈಲು ಬೇಕಾದರೆ ಕಲಾವಿದರೇ ಕೊಡಬೇಕು. ಕಣ್ಣಿಗೆ ಕಾಣುವುದನ್ನೆಲ್ಲ ನಕಲು ಮಾಡಬಹುದು ಅನ್ನುವ ಸತ್ಯವನ್ನು ಯಾವ ಕೋಡೂ ಬದಲಿಸುವುದಿಲ್ಲ. ತೋರಿಸಬೇಕೋ ಬೇಡವೋ ಅನ್ನುವ ನಿರ್ಧಾರ ಪ್ರತಿ ಚಿತ್ರಕ್ಕೂ ಅವರವರದೇ. ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದು, "ತೋರಿಸದೆ ಇದ್ದರೆ ಕೆಲಸ ಸಿಗೂದಿಲ್ಲಲ್ಲ ಮಾರಾಯ" ಅಂದಳು. ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ.

ಹೊರಬಾಗಿಲು

ಮೂರನೆಯ ಪ್ರಶ್ನೆಯೇ ನನಗೆ ಎಲ್ಲಕ್ಕಿಂತ ದೊಡ್ಡದು ಅನ್ನಿಸಿದ್ದು. ಫ್ಲಿಕರ್ 2013ರಲ್ಲಿ ಎಲ್ಲರಿಗೂ 1 ಟೆರಾಬೈಟ್ ಪುಕ್ಕಟೆ ಅಂದಿತು. 2018ರಲ್ಲಿ ಮಾಲೀಕರು ಬದಲಾದರು, ಪುಕ್ಕಟೆಯವರಿಗೆ 1,000 ಚಿತ್ರ ಮಾತ್ರ, ಹೆಚ್ಚಿದ್ದರೆ ಅಳಿಸುತ್ತೇವೆ ಅಂತಾಯಿತು. ಅವರಾದರೂ ಮೊದಲೇ ಹೇಳಿದರು. ಮೈಸ್ಪೇಸಿನಲ್ಲಿ 2016ಕ್ಕಿಂತ ಮೊದಲು ಸಂಗೀತಗಾರರು ಹಾಕಿದ್ದ ಹಾಡುಗಳೆಲ್ಲ ಸರ್ವರ್ ಬದಲಿಸುವಾಗ ಹಾಳಾಗಿ ಹೋದವು ಅನ್ನುವುದು ಲೋಕಕ್ಕೆ ಗೊತ್ತಾದದ್ದು 2019ರಲ್ಲಿ. ಎಷ್ಟೋ ಜನರ ಹತ್ತಿರ ಬೇರೆ ಪ್ರತಿ ಇರಲಿಲ್ಲ.

ಅಂಥ ದೊಡ್ಡವರ ಕತೆಯೇ ಹೀಗಾದರೆ, ತಿಂಗಳಿಗೆ ತಲಾ ನೂರು ರೂಪಾಯಿ ಹಾಕಿಕೊಂಡು ನಡೆಸುವ ನಮ್ಮ ಜಗಲಿಗೇನು ಗ್ಯಾರಂಟಿ? ನನಗೆ ಕೆಲಸ ಹೋಗಬಹುದು, ಮದುವೆಯಾಗಬಹುದು, ಬೇಜಾರೂ ಆಗಬಹುದು. ಹಾಗಾಗಿ ಅಪ್‌ಲೋಡ್ ಗುಂಡಿಗಿಂತ ಮೊದಲು ನಾನು ಬರೆದದ್ದು 'ಎಲ್ಲ ತೆಗೆದುಕೊಂಡು ಹೋಗುತ್ತೇನೆ' ಅನ್ನುವ ಗುಂಡಿ. ಒತ್ತಿದರೆ ಒಂದು ಜಿಪ್ ಫೈಲು ಸಿಗುತ್ತದೆ. ಅದರಲ್ಲಿ ಮೂಲ ಚಿತ್ರಗಳು, ಕರಡುಗಳು, ಕೇಳಿದ ಪ್ರಶ್ನೆಗಳು, ಕೊಟ್ಟ ಉತ್ತರಗಳು, ಜೊತೆಗೆ ಇಂಟರ್ನೆಟ್ ಇಲ್ಲದೆಯೂ ತೆರೆಯುವ ಒಂದು ಸರಳ ಪುಟ. ನಾವು ಮುಚ್ಚಿ ಹೋದರೂ ಅದು ತೆರೆಯುತ್ತದೆ.

ಆ ಗುಂಡಿಯನ್ನು ಮೊದಲು ಒತ್ತಿದವನು ಯಾರು ಅಂತೀರಿ? ಹುಬ್ಬಳ್ಳಿಯ ನನ್ನ ಗೆಳೆಯನೇ. ನಾಲ್ಕು ತಿಂಗಳು ನೋಡಿ, "ದೋಸ್ತ, ಇಲ್ಲಿ ಮಾತು ಛಲೋ ಅದ, ಗಿರಾಕಿ ಇಲ್ಲ. ಮನಿ ನಡೀಬೇಕಲ್ಲ" ಅಂತ ಮೆಸೇಜ್ ಹಾಕಿ ಹೊರಟ. ಎಲ್ಲ ಫೋಟೋಗಳೂ ಐದೇ ನಿಮಿಷದಲ್ಲಿ ಅವನ ಲ್ಯಾಪ್‌ಟಾಪಿಗೆ ಇಳಿದವು. ಬರೆದ ಕೋಡು ಸರಿಯಾಗಿ ಕೆಲಸ ಮಾಡಿದಾಗ ಖುಷಿಯಾಗಬೇಕು. ಅವತ್ತು ಎರಡೂ ಆಯಿತು, ಖುಷಿಯೂ, ಇನ್ನೊಂದೂ. ಅವನು ಹೋದ ಮೇಲೂ ಅಕ್ಕನ ಕರಡುಗಳಿಗೆ ಪ್ರಶ್ನೆ ಕೇಳಲು ಬರುತ್ತಾನೆ. ಕಾಗೆಯ ಕಣ್ಣಿನ ಹೊಳಪು ಯಾವ ಕಡೆಯಿಂದ ಬರಬೇಕು ಅಂತ ಮೊನ್ನೆ ಇಬ್ಬರೂ ಅರ್ಧ ದಿನ ವಾದ ಮಾಡಿದರು.

ಈಗ ಅವನ ಜಾಗ ಖಾಲಿ ಇದೆ, ಬರುತ್ತೇನೆ ಅನ್ನುವವರು ಏಳೆಂಟು ಜನ ಇದ್ದಾರೆ. ಒಳಗಿದ್ದವರು ಕರೆದರೆ ಮಾತ್ರ ಬರಬೇಕು ಅನ್ನುವುದು ಕೆಲವರ ವಾದ. ಹಾಗೆ ಮಾಡಿದರೆ ಯಾರ ಪರಿಚಯವೂ ಇಲ್ಲದ, ಎಲ್ಲೋ ಹಳ್ಳಿಯಲ್ಲಿ ಕೂತು ಚಿತ್ರ ಬರೆಯುವ ಹುಡುಗಿ ಎಲ್ಲಿ ಹೋಗಬೇಕು ಅನ್ನುವುದು ಅಕ್ಕನ ವಾದ. ಎಲ್ಲರಿಗೂ ತೆರೆದರೆ ಕದ್ದ ಅಜ್ಜಿಯರ ಸಂತೆಯಾಗುತ್ತದೆ ಅನ್ನುವುದು ನನ್ನ ಹೆದರಿಕೆ. ಮುಂದಿನ ಭಾನುವಾರ ಇದನ್ನೇ ಮಾತಾಡಲು ಸೇರುತ್ತಿದ್ದೇವೆ. ನೀವಾಗಿದ್ದರೆ ಬಾಗಿಲನ್ನು ಎಷ್ಟು ತೆರೆಯುತ್ತಿದ್ದಿರಿ?